ಕಾಲೇಜು ಸೆಮಿಸ್ಟರ್ ಅವಧಿಯಲ್ಲಿ ಇಂಟರ್ನ್‌ಷಿಪ್‌ಗಾಗಿ ಬೆಂಗಳೂರಿಗೆ ಬರುವ ವಿದ್ಯಾರ್ಥಿಗಳಿಗೆ ಮಾಹಿತಿ

(ಸಾರ್ವಜನಿಕರ, ವಿದ್ಯಾರ್ಥಿಗಳ ಹಾಗೂ ಪೋಷಕರ ತಿಳುವಳಿಕೆಗಾಗಿ)

1. ಪೀಠಿಕೆ

ರಾಜ್ಯದ ವಿವಿಧ ಜಿಲ್ಲೆಗಳ ಎಂಜಿನಿಯರಿಂಗ್, ಡಿಪ್ಲೊಮಾ, ವಾಣಿಜ್ಯ, ನಿರ್ವಹಣಾ ಹಾಗೂ ಸಮಾಜಕಾರ್ಯ ವಿಭಾಗಗಳ ವಿದ್ಯಾರ್ಥಿಗಳು ಪಠ್ಯಕ್ರಮದ ಭಾಗವಾಗಿ ಒಂದು ಸೆಮಿಸ್ಟರ್ ಕಾಲ ಬೆಂಗಳೂರಿನ ಸಂಸ್ಥೆಗಳಲ್ಲಿ ಇಂಟರ್ನ್‌ಷಿಪ್ ಮಾಡುವುದು ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿರುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆಯಲ್ಲಿ ಬಿ.ಇ. ಅಂತಿಮ ವರ್ಷದ ಒಂದು ಸೆಮಿಸ್ಟರ್‌ನಲ್ಲಿ 14ರಿಂದ 20 ವಾರಗಳ ಇಂಟರ್ನ್‌ಷಿಪ್ ನಿಗದಿಯಾಗಿದ್ದು, ಇದಕ್ಕಾಗಿ 7 ಮತ್ತು 8ನೇ ಸೆಮಿಸ್ಟರ್‌ಗಳನ್ನು ಅದಲುಬದಲು ಮಾಡಿಕೊಳ್ಳಲು ಕಾಲೇಜುಗಳಿಗೆ ಅವಕಾಶವಿರುತ್ತದೆ.

ಈ ಅವಧಿಯಲ್ಲಿ ಬಹುತೇಕ ವಿದ್ಯಾರ್ಥಿಗಳು ಮೊದಲ ಬಾರಿಗೆ ಮನೆಯಿಂದ ಮತ್ತು ಕಾಲೇಜಿನಿಂದ ಏಕಕಾಲಕ್ಕೆ ದೂರವಿರುತ್ತಾರೆ. ಕಾಲೇಜಿನಲ್ಲಿ ತೊಂದರೆಯಾದರೆ ಪ್ರಾಂಶುಪಾಲರು, ವಿದ್ಯಾರ್ಥಿನಿಲಯದಲ್ಲಿ ತೊಂದರೆಯಾದರೆ ನಿಲಯ ಪಾಲಕರು ಇರುತ್ತಾರೆ. ನಗರದಲ್ಲಿ ಒಂಟಿಯಾಗಿರುವ ವಿದ್ಯಾರ್ಥಿಗೆ ಯಾರು ಜವಾಬ್ದಾರರು ಎಂಬ ಪ್ರಶ್ನೆ ತೊಂದರೆಯಾದ ದಿನವೇ ಮೊದಲ ಬಾರಿಗೆ ಏಳಬಾರದು. ಊರು ಬಿಡುವ ಮುನ್ನ ಲಿಖಿತವಾಗಿ ಪಡೆದ ಮೂರು ಪತ್ರಗಳು, ಅಂದರೆ ಕಾಲೇಜಿನ ಅನುಮತಿ ಪತ್ರ, ಸಂಸ್ಥೆಯ ಪತ್ರ ಮತ್ತು ವಸತಿಯ ಕರಾರು, ಈ ಪ್ರಶ್ನೆಗೆ ಬಹುಪಾಲು ಉತ್ತರ ನೀಡುತ್ತವೆ. ಈ ಪುಟದ ಮುಖ್ಯ ಉದ್ದೇಶ ಇದನ್ನು ಮನವರಿಕೆ ಮಾಡಿಕೊಡುವುದಾಗಿರುತ್ತದೆ.

2. ಇಂಟರ್ನ್‌ಷಿಪ್, ಶಿಶಿಕ್ಷು ತರಬೇತಿ ಮತ್ತು ಉದ್ಯೋಗ: ವ್ಯತ್ಯಾಸ

ಈ ಮೂರನ್ನೂ ಒಂದೇ ಎಂದು ಭಾವಿಸಿ ಅರ್ಜಿ ಸಲ್ಲಿಸುವುದರಿಂದ ಗೊಂದಲಗಳು ಉಂಟಾಗುತ್ತವೆ. ಆದ್ದರಿಂದ ಈ ಕೆಳಕಂಡ ವ್ಯತ್ಯಾಸಗಳನ್ನು ಗಮನಿಸುವುದು.

(ಅ) ಇಂಟರ್ನ್‌ಷಿಪ್: ಇದು ವ್ಯಾಸಂಗದ ಭಾಗ. ವಿದ್ಯಾರ್ಥಿಯು ಕಾಲೇಜಿನ ವಿದ್ಯಾರ್ಥಿಯಾಗಿಯೇ ಮುಂದುವರಿಯುತ್ತಾನೆ ಅಥವಾ ಮುಂದುವರಿಯುತ್ತಾಳೆ. ಇದಕ್ಕೆ ಕ್ರೆಡಿಟ್ ಅಂಕಗಳಿದ್ದು, ಮೌಲ್ಯಮಾಪನ ಮಾಡುವ ಅಧಿಕಾರ ಕಾಲೇಜು ಮತ್ತು ವಿಶ್ವವಿದ್ಯಾಲಯಕ್ಕೆ ಇರುತ್ತದೆ. ಶಿಷ್ಯವೇತನ ನೀಡುವುದು ಅಥವಾ ಬಿಡುವುದು ಸಾಮಾನ್ಯವಾಗಿ ಸಂಸ್ಥೆಯ ಇಚ್ಛೆಗೆ ಸೇರಿದ್ದು. ಪತ್ರದಲ್ಲಿ ಬರೆದುಕೊಟ್ಟಿದ್ದರೆ ಮಾತ್ರ ಅದನ್ನು ಕೇಳಲು ಗಟ್ಟಿ ಆಧಾರ ಸಿಗುತ್ತದೆ.

(ಆ) ಶಿಶಿಕ್ಷು ತರಬೇತಿ: ಇದು ಶಿಶಿಕ್ಷು ಅಧಿನಿಯಮ, 1961ರ ಅಡಿಯಲ್ಲಿ ನೋಂದಣಿಯಾಗುವ ಕರಾರು. ಇದರಲ್ಲಿ ಕನಿಷ್ಠ ಶಿಷ್ಯವೇತನವನ್ನು ನಿಯಮಗಳೇ ನಿಗದಿಪಡಿಸಿರುತ್ತವೆ. ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಡಿ ಇದನ್ನು ಸಾಮಾನ್ಯವಾಗಿ ಪದವಿ ಅಥವಾ ಡಿಪ್ಲೊಮಾ ಮುಗಿಸಿದವರು ಪಡೆಯುತ್ತಾರೆ.

(ಇ) ಪ್ರಧಾನಮಂತ್ರಿ ಇಂಟರ್ನ್‌ಷಿಪ್ ಯೋಜನೆ: 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಯೋಜನೆಯು ಆರಂಭದ ಮಾರ್ಗಸೂಚಿಯಂತೆ 12 ತಿಂಗಳ ಅವಧಿಯದಾಗಿದ್ದು, ಪೂರ್ಣಾವಧಿ ವ್ಯಾಸಂಗದಲ್ಲಿರುವವರಿಗೆ ಅನ್ವಯಿಸುತ್ತಿರಲಿಲ್ಲ. ಆದುದರಿಂದ ಸೆಮಿಸ್ಟರ್ ಇಂಟರ್ನ್‌ಷಿಪ್‌ಗೆ ಇದನ್ನು ನೆಚ್ಚಿಕೊಂಡು ಕುಳಿತುಕೊಳ್ಳಬಾರದು. ಅರ್ಜಿ ಸಲ್ಲಿಸುವ ಸುತ್ತಿನ ಅರ್ಹತಾ ನಿಯಮಗಳನ್ನು ಯೋಜನೆಯ ಪೋರ್ಟಲ್‌ನಲ್ಲಿ ಓದಿಕೊಳ್ಳತಕ್ಕದ್ದು.

(ಈ) ಉದ್ಯೋಗ: ಇಂಟರ್ನ್‌ಷಿಪ್ ಮುಗಿದ ಮೇಲೆ ಕೆಲಸ ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳುವುದು ನೇಮಕಾತಿ ಆಗುವುದಿಲ್ಲ.

3. ಊರು ಬಿಡುವ ಮುನ್ನ ಪೂರೈಸಬೇಕಾದ ಕಾರ್ಯಗಳು

(1) ಕಾಲೇಜಿನ ಅನುಮತಿ ಪತ್ರ: ವಿಭಾಗದ ಮುಖ್ಯಸ್ಥರ ಮೂಲಕ ಪ್ರಾಂಶುಪಾಲರಿಗೆ ಅರ್ಜಿ ಸಲ್ಲಿಸಿ, ಸಂಸ್ಥೆಯ ಹೆಸರು, ಸ್ಥಳ, ಆರಂಭ ಮತ್ತು ಮುಕ್ತಾಯದ ದಿನಾಂಕ ಹಾಗೂ ಮೇಲ್ವಿಚಾರಕ ಅಧ್ಯಾಪಕರ ಹೆಸರನ್ನು ಒಳಗೊಂಡ ಪತ್ರವನ್ನು ಪಡೆಯತಕ್ಕದ್ದು. ಮೊದಲು ಸೇರಿಕೊಂಡು ನಂತರ ಅನುಮತಿ ಕೇಳಿದಲ್ಲಿ ಆ ವಾರಗಳು ಲೆಕ್ಕಕ್ಕೆ ಬಾರದೆ ಹೋಗುವ ಸಂಭವವಿರುತ್ತದೆ. ಕ್ರೆಡಿಟ್ ಕೊರತೆಯಾದರೆ ಪದವಿಯೇ ವಿಳಂಬವಾಗುತ್ತದೆ.

(2) ಸಂಸ್ಥೆಯ ಪತ್ರ: ಸಂಸ್ಥೆಯ ಮುದ್ರಿತ ಶಿರೋನಾಮೆಯ ಕಾಗದದಲ್ಲಿ ಅಥವಾ ಅಧಿಕೃತ ಇ-ಮೇಲ್ ವಿಳಾಸದಿಂದ ಬಂದಿರಬೇಕು. ಇದರಲ್ಲಿ ಕೆಲಸದ ಸ್ವರೂಪ, ದಿನದ ಅವಧಿ, ವಾರದ ರಜೆ, ಶಿಷ್ಯವೇತನದ ಮೊತ್ತ ಮತ್ತು ಅದನ್ನು ಪಾವತಿಸುವ ದಿನಾಂಕ, ಮಾರ್ಗದರ್ಶಕರ ಹೆಸರು ಹಾಗೂ ಕಾಲೇಜಿನ ಆಂತರಿಕ ಪರೀಕ್ಷೆಗಳಿಗೆ ರಜೆ ನೀಡುವ ವಿಷಯ ನಮೂದಾಗಿರಬೇಕು. ಶಿಷ್ಯವೇತನ ಇಲ್ಲವಾದಲ್ಲಿ ಇಲ್ಲವೆಂದೇ ಬರೆದಿರುವುದು ಸೂಕ್ತ.

(3) ಪ್ರಮಾಣ ಪತ್ರಗಳು: ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ಸ್ವಂತ ತಾಲ್ಲೂಕಿನ ನಾಡಕಚೇರಿಯ ಮೂಲಕ ಪಡೆಯಬೇಕಾಗಿರುವುದರಿಂದ, ಅವುಗಳ ಊರ್ಜಿತ ಅವಧಿಯನ್ನು ಹೊರಡುವ ಮುನ್ನ ಪರಿಶೀಲಿಸಿಕೊಳ್ಳುವುದು. ಅರ್ಜಿ ಸಲ್ಲಿಸಿದಾಗ ದೊರೆಯುವ ಸ್ವೀಕೃತಿಯ ಸಂಖ್ಯೆಯನ್ನು ಗುರುತು ಹಾಕಿಟ್ಟುಕೊಂಡರೆ ಬೆಂಗಳೂರಿನಲ್ಲಿದ್ದುಕೊಂಡೇ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು.

(4) ವಿದ್ಯಾರ್ಥಿವೇತನ: ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದವರು ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಯನ್ನು ಚಾಲ್ತಿಯಲ್ಲಿಟ್ಟುಕೊಳ್ಳತಕ್ಕದ್ದು. ನಗರಕ್ಕೆ ಬಂದ ಮೇಲೆ ಹೊಸ ಸಿಮ್ ಖರೀದಿಸಿ ಹಳೆಯ ಸಂಖ್ಯೆಯನ್ನು ಕೈಬಿಟ್ಟರೆ ಒಟಿಪಿ ಬಾರದೆ ಅರ್ಜಿ ಅರ್ಧಕ್ಕೆ ನಿಲ್ಲುತ್ತದೆ.

(5) ವಿದ್ಯಾರ್ಥಿನಿಲಯದ ಸೀಟು: ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿರುವವರು ತಮ್ಮ ಗೈರುಹಾಜರಿಯ ಅವಧಿ ಮತ್ತು ಕಾರಣವನ್ನು ನಿಲಯ ಪಾಲಕರಿಗೆ ಲಿಖಿತವಾಗಿ ತಿಳಿಸಿ, ಅನುಮತಿ ಪತ್ರದ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿ ಪಡೆಯತಕ್ಕದ್ದು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿ ಯೋಜನೆಯಡಿ ಊಟ ಮತ್ತು ವಸತಿ ಸಹಾಯ ಪಡೆಯುತ್ತಿರುವವರು ಸ್ಥಳ ಬದಲಾವಣೆಯ ವಿಷಯವನ್ನು ತಾಲ್ಲೂಕು ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು.

4. ಸಂಸ್ಥೆಯ ನೈಜತೆಯನ್ನು ಪರಿಶೀಲಿಸುವ ವಿಧಾನ

ಇಂಟರ್ನ್‌ಷಿಪ್ ಕೊಡಿಸುವುದಾಗಿ ಹೇಳಿ ನೋಂದಣಿ ಶುಲ್ಕ, ಭದ್ರತಾ ಠೇವಣಿ ಅಥವಾ ಲ್ಯಾಪ್‌ಟಾಪ್ ಠೇವಣಿಯ ಹೆಸರಿನಲ್ಲಿ ಹಣ ಪಡೆದು ಕಣ್ಮರೆಯಾಗುವವರಿದ್ದಾರೆ. ಕೆಲಸವನ್ನೇ ಕೊಡದೆ ಪ್ರಮಾಣ ಪತ್ರವನ್ನು ಮಾತ್ರ ಮಾರುವವರೂ ಇದ್ದಾರೆ. ಎರಡನೆಯದು ವಿದ್ಯಾರ್ಥಿಗೆ ಸುಲಭದ ದಾರಿಯಂತೆ ಕಂಡರೂ, ಮೌಖಿಕ ಪರೀಕ್ಷೆಯಲ್ಲಿ ಮಾಡಿದ ಕೆಲಸವನ್ನು ವಿವರಿಸಲು ಆಗದೆ ನಷ್ಟವಾಗುವುದು ವಿದ್ಯಾರ್ಥಿಗೇ ಆಗಿರುತ್ತದೆ.

ಹಣ ಕೇಳುವ ಯಾವುದೇ ಸಂಸ್ಥೆಯ ವಿಷಯದಲ್ಲಿ ಮೊದಲು ಕಾಲೇಜಿನ ತರಬೇತಿ ಮತ್ತು ನಿಯೋಜನಾ ಅಧಿಕಾರಿಗಳೊಂದಿಗೆ ಚರ್ಚಿಸುವುದು. ಕಂಪನಿಯ ಹೆಸರು ಮತ್ತು ನೋಂದಾಯಿತ ವಿಳಾಸವನ್ನು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಮಂತ್ರಾಲಯದ ಜಾಲತಾಣದಲ್ಲಿ, ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿ ನೋಡಬಹುದು. ಎಐಸಿಟಿಇಯ ಇಂಟರ್ನ್‌ಷಿಪ್ ಪೋರ್ಟಲ್‌ನಲ್ಲಿಯೂ ಅವಕಾಶಗಳು ಪ್ರಕಟವಾಗುತ್ತವೆ.

ಮೂಲ ಅಂಕಪಟ್ಟಿ, ಮೂಲ ಪ್ರಮಾಣ ಪತ್ರ ಅಥವಾ ಸಹಿ ಮಾಡಿದ ಖಾಲಿ ಚೆಕ್ಕನ್ನು ಯಾವ ಕಾರಣಕ್ಕೂ ಯಾರ ವಶಕ್ಕೂ ಒಪ್ಪಿಸಬಾರದು. ಪರಿಶೀಲನೆಗೆ ಮೂಲ ದಾಖಲೆಯನ್ನು ತೋರಿಸಿ, ಸ್ವಯಂ ದೃಢೀಕರಿಸಿದ ನಕಲನ್ನು ಮಾತ್ರ ನೀಡುವುದು. ಆನ್‌ಲೈನ್ ಮೂಲಕ ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು. ಹಣ ಇನ್ನೊಂದು ಖಾತೆಗೆ ವರ್ಗವಾಗುವ ಮುನ್ನ ತಡೆಹಿಡಿಯುವ ಸಾಧ್ಯತೆ ದೂರು ಬೇಗ ತಲುಪಿದಷ್ಟೂ ಹೆಚ್ಚು.

5. ವಸತಿ ವ್ಯವಸ್ಥೆ

ಕೆಲಸದ ಸ್ಥಳ ಖಚಿತವಾಗುವ ಮುನ್ನ ವಸತಿಗೆ ಮುಂಗಡ ನೀಡಬಾರದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ ಮೂರು ಬೇರೆ ಬೇರೆ ದಿಕ್ಕುಗಳಲ್ಲಿದ್ದು, ಒಂದರ ಬಳಿ ವಾಸವಿದ್ದು ಮತ್ತೊಂದರಲ್ಲಿ ಕೆಲಸ ಮಾಡುವವರ ದಿನದ ಬಹುಭಾಗ ರಸ್ತೆಯಲ್ಲಿಯೇ ಕಳೆದುಹೋಗುತ್ತದೆ. ಪರಿಚಯದವರ ಮನೆಯಲ್ಲಿ ಒಂದು ವಾರ ತಂಗಿ, ಖುದ್ದಾಗಿ ನೋಡಿ ನಿರ್ಧರಿಸುವುದು ಉತ್ತಮ.

ಬಹುತೇಕ ವಿದ್ಯಾರ್ಥಿಗಳು ಪಿ.ಜಿ. ಎಂದು ಕರೆಯಲಾಗುವ ಪೇಯಿಂಗ್ ಗೆಸ್ಟ್ ವಸತಿಗಳಲ್ಲಿ ಇರುತ್ತಾರೆ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2024ರ ಆಗಸ್ಟ್‌ನಲ್ಲಿ ಇವುಗಳಿಗೆ ಮಾರ್ಗಸೂಚಿ ಹೊರಡಿಸಿದ್ದು, ಅದರಲ್ಲಿನ ಮುಖ್ಯ ಅಂಶಗಳು ಈ ಕೆಳಕಂಡಂತಿವೆ. ಕೊಠಡಿ ನೋಡಲು ಹೋದಾಗ ಇವನ್ನೇ ಪರಿಶೀಲನಾ ಪಟ್ಟಿಯಾಗಿ ಬಳಸಬಹುದು.

- ಪ್ರತಿ ನಿವಾಸಿಗೆ ಕನಿಷ್ಠ 70 ಚದರ ಅಡಿ ಸ್ಥಳ.
- ದಿನಕ್ಕೆ ಪ್ರತಿ ನಿವಾಸಿಗೆ 135 ಲೀಟರ್ ನೀರು.
- ಪ್ರವೇಶದ್ವಾರ ಮುಂತಾದೆಡೆ ಸಿಸಿಟಿವಿ ಕ್ಯಾಮೆರಾ ಮತ್ತು 90 ದಿನಗಳ ದೃಶ್ಯ ಸಂಗ್ರಹ.
- ಅಡುಗೆಮನೆ ಇದ್ದಲ್ಲಿ ಆಹಾರ ಸುರಕ್ಷತಾ ಪರವಾನಗಿ.
- ಭದ್ರತಾ ಸಿಬ್ಬಂದಿ, ಅಗ್ನಿ ಸುರಕ್ಷತೆ ಮತ್ತು ಪ್ರಥಮ ಚಿಕಿತ್ಸೆಯ ವ್ಯವಸ್ಥೆ.

2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ವ್ಯಾಪ್ತಿಯಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿರುವುದರಿಂದ, ವಸತಿಗೆ ಸಂಬಂಧಿಸಿದ ದೂರನ್ನು ಆಯಾ ಪ್ರದೇಶದ ನಗರ ಪಾಲಿಕೆಗೆ ಸಲ್ಲಿಸತಕ್ಕದ್ದು.

ಮುಂಗಡ ಹಣ ನೀಡುವಾಗ ರಸೀದಿ ಪಡೆಯುವುದು. ಕರಾರಿನಲ್ಲಿ ಬಾಡಿಗೆ, ಮುಂಗಡದ ಮೊತ್ತ, ಖಾಲಿ ಮಾಡುವ ಮುನ್ನ ಎಷ್ಟು ದಿನಗಳ ಸೂಚನೆ ನೀಡಬೇಕು, ಮುಂಗಡದಿಂದ ಎಷ್ಟು ಹಿಡಿದುಕೊಳ್ಳಲಾಗುವುದು, ಊಟ ಮತ್ತು ವಿದ್ಯುತ್ ಶುಲ್ಕ ಸೇರಿದೆಯೇ ಎಂಬ ಅಂಶಗಳಿರಬೇಕು. ವಿದ್ಯಾರ್ಥಿಯ ವಾಸ ಕೇವಲ ನಾಲ್ಕೈದು ತಿಂಗಳಾಗಿರುವುದರಿಂದ, ಕನಿಷ್ಠ ಆರು ಅಥವಾ ಹನ್ನೊಂದು ತಿಂಗಳು ಇರಲೇಬೇಕೆಂಬ ಷರತ್ತು ಇದೆಯೇ ಎಂಬುದನ್ನು ವಿಶೇಷವಾಗಿ ನೋಡಿಕೊಳ್ಳತಕ್ಕದ್ದು. ಕೊಠಡಿ ಸೇರಿದ ದಿನ ಗೋಡೆ, ಮಂಚ ಮತ್ತು ಕಪಾಟುಗಳ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಹೊರಡುವ ದಿನ ವಾದಕ್ಕೆ ಅವಕಾಶವಿರುವುದಿಲ್ಲ.

ವಿದ್ಯಾರ್ಥಿನಿಯರು ಕೇಂದ್ರ ಸರ್ಕಾರದ ನೆರವಿನ ಉದ್ಯೋಗಸ್ಥ ಮಹಿಳೆಯರ ವಸತಿ ನಿಲಯಗಳನ್ನೂ, ಅಂದರೆ ಸಖಿ ನಿವಾಸಗಳನ್ನೂ, ವಿಚಾರಿಸಬಹುದು. ಇವು ಮುಖ್ಯವಾಗಿ ಉದ್ಯೋಗದಲ್ಲಿರುವ ಮಹಿಳೆಯರಿಗಾಗಿ ಇದ್ದರೂ, ಸ್ಥಳ ಖಾಲಿ ಇದ್ದಲ್ಲಿ ಉದ್ಯೋಗಕ್ಕಾಗಿ ತರಬೇತಿ ಪಡೆಯುತ್ತಿರುವ ಮಹಿಳೆಯರಿಗೂ ಪ್ರವೇಶದ ಅವಕಾಶವಿರುತ್ತದೆ.

6. ಖರ್ಚಿನ ಲೆಕ್ಕ

ಶಿಷ್ಯವೇತನ ಇದೆ ಎಂಬ ಧೈರ್ಯದಿಂದ ಕೈಯಲ್ಲಿ ಹಣವಿಲ್ಲದೆ ಹೊರಟು, ಎರಡನೆಯ ತಿಂಗಳಿನಲ್ಲಿ ಸಾಲಕ್ಕೆ ಸಿಲುಕುವ ಪ್ರಸಂಗಗಳು ಬರುತ್ತವೆ. ಖರ್ಚು ಮೊದಲು, ಆದಾಯ ನಂತರ ಎಂಬುದೇ ಇದಕ್ಕೆ ಕಾರಣ. ಕೆಳಗಿನ ಅಂಕಿಗಳು ಲೆಕ್ಕ ಹಾಕುವ ಕ್ರಮವನ್ನು ತೋರಿಸಲು ನೀಡಿದ ಉದಾಹರಣೆ ಮಾತ್ರ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ನೋಡತಕ್ಕದ್ದು.

- ವಸತಿ ಮತ್ತು ಊಟ, ತಿಂಗಳಿಗೆ: ರೂ. 8,000
- ಪ್ರಯಾಣ, ತಿಂಗಳಿಗೆ: ರೂ. 1,500
- ಇತರೆ ಖರ್ಚು, ತಿಂಗಳಿಗೆ: ರೂ. 2,000
- ವಸತಿಯ ಮುಂಗಡ, ಒಂದು ಬಾರಿ: ರೂ. 8,000
- ಶಿಷ್ಯವೇತನ, ತಿಂಗಳಿಗೆ: ರೂ. 8,000

ಮೊದಲ ತಿಂಗಳಿನ ಶಿಷ್ಯವೇತನವು ಎರಡನೆಯ ತಿಂಗಳ 10ನೇ ತಾರೀಖಿಗೆ ಬರುತ್ತದೆಂದು ಇಟ್ಟುಕೊಂಡರೆ, ಅಷ್ಟರೊಳಗೆ ಮುಂಗಡ ರೂ. 8,000, ಮೊದಲ ತಿಂಗಳ ಖರ್ಚು ರೂ. 11,500 ಮತ್ತು ಎರಡನೆಯ ತಿಂಗಳ ಬಾಡಿಗೆ ರೂ. 8,000 ಸೇರಿ ಒಟ್ಟು ರೂ. 27,500 ಕೈಯಿಂದ ಕೊಟ್ಟಾಗಿರುತ್ತದೆ. ನಾಲ್ಕು ತಿಂಗಳ ಒಟ್ಟು ಖರ್ಚು ಮುಂಗಡ ಸೇರಿ ರೂ. 54,000. ಶಿಷ್ಯವೇತನ ರೂ. 32,000 ಮತ್ತು ಪೂರ್ಣವಾಗಿ ಹಿಂದಿರುಗಿದ ಮುಂಗಡ ರೂ. 8,000 ಕಳೆದರೆ ಕುಟುಂಬ ಭರಿಸಬೇಕಾದ ಮೊತ್ತ ರೂ. 14,000. ಹದಿನಾಲ್ಕು ಸಾವಿರ ರೂಪಾಯಿಯ ಇಂಟರ್ನ್‌ಷಿಪ್‌ಗೆ ಮೊದಲ ನಲವತ್ತು ದಿನಗಳಲ್ಲಿ ಇಪ್ಪತ್ತೇಳೂವರೆ ಸಾವಿರ ಸಿದ್ಧವಿರಬೇಕೆಂಬುದನ್ನು ಪೋಷಕರೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು.

ಈ ಹಣ ಹೊಂದಿಸಲು ಸಾಧ್ಯವಿಲ್ಲದಿದ್ದಲ್ಲಿ ಸ್ವಂತ ಜಿಲ್ಲೆಯ ಕೈಗಾರಿಕೆ, ಸಹಕಾರ ಸಂಘ, ಆಸ್ಪತ್ರೆ ಅಥವಾ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಇಂಟರ್ನ್‌ಷಿಪ್ ಮಾಡಲು ಕಾಲೇಜಿನ ಒಪ್ಪಿಗೆ ಕೇಳುವುದರಲ್ಲಿ ಯಾವುದೇ ಕುಂದಿಲ್ಲ. ಅಂಕಗಳು ಊರಿನ ಗಾತ್ರವನ್ನಲ್ಲ, ಮಾಡಿದ ಕೆಲಸವನ್ನು ಅವಲಂಬಿಸಿರುತ್ತವೆ.

7. ನಗರದಲ್ಲಿ ಸಂಚಾರ

ನಮ್ಮ ಮೆಟ್ರೋದ ನೇರಳೆ ಮಾರ್ಗವು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 2023ರ ಅಕ್ಟೋಬರ್‌ನಿಂದ, ಹಸಿರು ಮಾರ್ಗವು ಪೀಣ್ಯದ ಮೂಲಕ ಮಾದಾವರದವರೆಗೆ 2024ರ ನವೆಂಬರ್‌ನಿಂದ ಹಾಗೂ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರದವರೆಗೆ 2025ರ ಆಗಸ್ಟ್‌ನಿಂದ ಸಂಚಾರಕ್ಕೆ ತೆರೆದಿರುತ್ತದೆ. ನೇರಳೆ ಮತ್ತು ಹಸಿರು ಮಾರ್ಗಗಳು ಮೆಜೆಸ್ಟಿಕ್‌ನಲ್ಲಿಯೂ, ಹಸಿರು ಮತ್ತು ಹಳದಿ ಮಾರ್ಗಗಳು ಆರ್.ವಿ. ರಸ್ತೆಯಲ್ಲಿಯೂ ಸೇರುತ್ತವೆ. ಕಚೇರಿ ಇರುವ ಮಾರ್ಗದಲ್ಲಿಯೇ ವಸತಿ ಹುಡುಕುವುದು ಅನುಕೂಲಕರ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ನಿವಾಸಿಗಳಾದ ವಿದ್ಯಾರ್ಥಿನಿಯರು ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಹಾಗೂ ಊರಿಗೆ ಹೋಗಿಬರಲು ಇತರ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಮೊತ್ತದ ಟಿಕೆಟ್ ಪಡೆಯತಕ್ಕದ್ದು. ವಿದ್ಯಾರ್ಥಿ ಪಾಸಿನ ಅರ್ಜಿಯನ್ನು ಸೇವಾ ಸಿಂಧು ಪೋರ್ಟಲ್ ಮೂಲಕ ಸಲ್ಲಿಸಬೇಕಾಗಿರುತ್ತದೆ. ಊರಿನ ಕಾಲೇಜಿಗೆ ಹೋಗಲು ಪಡೆದ ಪಾಸು ಅದರಲ್ಲಿ ನಮೂದಿಸಿದ ಮಾರ್ಗಕ್ಕೆ ಮಾತ್ರ ಅನ್ವಯಿಸುವುದರಿಂದ ಬೆಂಗಳೂರಿನಲ್ಲಿ ಅದು ಉಪಯೋಗಕ್ಕೆ ಬಾರದು.

8. ಕೆಲಸದ ಸ್ಥಳದಲ್ಲಿ ರಕ್ಷಣೆ

ಇಂಟರ್ನ್ ಆಗಿರುವವರು ಕಾಯಂ ನೌಕರರಲ್ಲವಾದ್ದರಿಂದ ದೂರು ನೀಡುವ ಹಕ್ಕಿಲ್ಲ ಎಂಬ ತಪ್ಪು ಕಲ್ಪನೆ ಇರುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಅಧಿನಿಯಮ, 2013ರಲ್ಲಿ ಉದ್ಯೋಗಿ ಎಂಬ ಪದದ ಅರ್ಥದಲ್ಲಿ ತರಬೇತಿ ಪಡೆಯುವವರು ಮತ್ತು ಶಿಶಿಕ್ಷುಗಳು, ಸಂಭಾವನೆ ಪಡೆಯದೆ ಕೆಲಸ ಮಾಡುವವರು ಸಹ ಸೇರಿರುತ್ತಾರೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರತಕ್ಕದ್ದು. ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಯ ವಿಷಯದಲ್ಲಿ ಅಥವಾ ಮಾಲೀಕರ ವಿರುದ್ಧವೇ ದೂರು ಇದ್ದಲ್ಲಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು.

ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ನೀಡಬೇಕಾಗಿದ್ದು, ಸೂಕ್ತ ಕಾರಣವಿದ್ದಲ್ಲಿ ಸಮಿತಿಯು ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ಇಂಟರ್ನ್‌ಷಿಪ್ ಮುಗಿದು ಪ್ರಮಾಣ ಪತ್ರ ಕೈಸೇರಲಿ ಎಂದು ಕಾಯುತ್ತಾ ಕುಳಿತರೆ ಈ ಅವಧಿ ಮೀರುವ ಸಂಭವವಿರುತ್ತದೆ. ದೂರಿನ ಪ್ರತಿಯನ್ನು ಕಾಲೇಜಿನ ಮೇಲ್ವಿಚಾರಕ ಅಧ್ಯಾಪಕರಿಗೂ ನೀಡಿ, ಉಳಿದ ವಾರಗಳನ್ನು ಬೇರೆ ಸಂಸ್ಥೆಯಲ್ಲಿ ಪೂರೈಸಲು ಅನುಮತಿ ಕೋರಬಹುದು.

ಕಲಿಕೆಗೆ ಸಂಬಂಧವಿಲ್ಲದ ಕೆಲಸ, ಮಿತಿಮೀರಿದ ಅವಧಿ ಅಥವಾ ಶಿಷ್ಯವೇತನ ತಡೆಹಿಡಿಯುವುದು ಮುಂತಾದ ತೊಂದರೆಗಳಿದ್ದಲ್ಲಿ ವಿದ್ಯಾರ್ಥಿಗಳು ಮೊದಲು ಸಂಸ್ಥೆಯ ಮಾರ್ಗದರ್ಶಕರಿಗೆ, ನಂತರ ಕಾಲೇಜಿಗೆ ಇ-ಮೇಲ್ ಮೂಲಕ ತಿಳಿಸತಕ್ಕದ್ದು. ದೂರವಾಣಿಯಲ್ಲಿ ಆಡಿದ ಮಾತಿಗೆ ದಾಖಲೆ ಉಳಿಯುವುದಿಲ್ಲ.

9. ಆರೋಗ್ಯ

ವಿಕ್ಟೋರಿಯಾ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್ ಮತ್ತು ಜಯನಗರ ಸಾರ್ವಜನಿಕ ಆಸ್ಪತ್ರೆಗಳು ನಗರದ ಪ್ರಮುಖ ಸರ್ಕಾರಿ ಆಸ್ಪತ್ರೆಗಳಾಗಿರುತ್ತವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡ್ ಅಥವಾ ಕುಟುಂಬದ ಪಡಿತರ ಚೀಟಿಯ ನಕಲನ್ನು ಜೊತೆಯಲ್ಲಿಟ್ಟುಕೊಳ್ಳುವುದು.

ಹೊಸ ಊರಿನ ಒಂಟಿತನ, ನಿದ್ರಾಹೀನತೆ, ಕೆಲಸದ ಭಯ ಇವು ಅನೇಕರನ್ನು ಕಾಡುತ್ತವೆ. ಇದನ್ನು ದೌರ್ಬಲ್ಯವೆಂದು ಮುಚ್ಚಿಡುವ ಅಗತ್ಯವಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪೋಷಕರು ವಾರಕ್ಕೊಮ್ಮೆಯಾದರೂ ಬಿಡುವಾಗಿ ಮಾತನಾಡಿ, ಕೆಲಸದ ವಿಷಯಕ್ಕಿಂತ ಮೊದಲು ಊಟ ಮತ್ತು ನಿದ್ರೆಯ ವಿಷಯ ವಿಚಾರಿಸಬೇಕೆಂದು ಕೋರಲಾಗಿದೆ.

10. ಅವಧಿ ಮುಗಿದಾಗ

ದಿನಚರಿ ಪುಸ್ತಕದಲ್ಲಿ ಅಂದಂದಿನ ಕೆಲಸವನ್ನು ಅಂದೇ ಬರೆದು ವಾರಕ್ಕೊಮ್ಮೆ ಮಾರ್ಗದರ್ಶಕರ ಸಹಿ ಪಡೆಯತಕ್ಕದ್ದು. ಕೊನೆಯ ವಾರದಲ್ಲಿ ಹದಿನಾರು ವಾರಗಳ ದಿನಚರಿಯನ್ನು ನೆನಪಿನಿಂದ ಬರೆಯಲು ಆಗುವುದಿಲ್ಲ. ಮಾರ್ಗದರ್ಶಕರು ಅಷ್ಟರಲ್ಲಿ ಬೇರೆಡೆಗೆ ಹೋಗಿರಲೂಬಹುದು. ಹೊರಡುವ ಮುನ್ನ ಪ್ರಮಾಣ ಪತ್ರ, ಹಾಜರಾತಿ ವಿವರ, ಮೌಲ್ಯಮಾಪನ ನಮೂನೆ ಮತ್ತು ಶಿಷ್ಯವೇತನದ ಬಾಕಿಯನ್ನು ಪಡೆದು, ದಿನಾಂಕಗಳು ಅನುಮತಿ ಪತ್ರದೊಂದಿಗೆ ತಾಳೆಯಾಗುತ್ತವೆಯೇ ಎಂದು ನೋಡಿಕೊಳ್ಳುವುದು. ವಸತಿ ಖಾಲಿ ಮಾಡುವ ಸೂಚನೆಯನ್ನು ಕರಾರಿನಲ್ಲಿರುವಷ್ಟು ದಿನ ಮುಂಚಿತವಾಗಿ ಲಿಖಿತವಾಗಿ ನೀಡಿ, ಮುಂಗಡ ಹಿಂಪಡೆಯತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಧಾರ್‌ನಲ್ಲಿ ಬೆಂಗಳೂರಿನ ವಿಳಾಸ ಹಾಕಿಸಬೇಕೆ?
ಉತ್ತರ: ಕೆಲವೇ ತಿಂಗಳುಗಳ ಇಂಟರ್ನ್‌ಷಿಪ್‌ಗಾಗಿ ಅಗತ್ಯವಿಲ್ಲ.

ಪ್ರಶ್ನೆ: ಮತದಾರರ ಪಟ್ಟಿಯಲ್ಲಿ ಹೆಸರನ್ನು ವರ್ಗಾಯಿಸಿಕೊಳ್ಳಬೇಕೆ?
ಉತ್ತರ: ಕಡ್ಡಾಯವಿಲ್ಲ. ಊರಿನಲ್ಲಿಯೇ ಹೆಸರು ಮುಂದುವರಿಸಬಹುದು. ಎರಡು ಕಡೆ ಹೆಸರು ಇರುವುದು ಮಾತ್ರ ಕಾನೂನುಬಾಹಿರ.

ಪ್ರಶ್ನೆ: ಶಿಷ್ಯವೇತನದಲ್ಲಿ ಆದಾಯ ತೆರಿಗೆ ಕಡಿತ ಮಾಡಿದ್ದಾರೆ. ಹಣ ಹಿಂದಿರುಗುವುದೇ?
ಉತ್ತರ: ಪ್ಯಾನ್ ಸಂಖ್ಯೆಯನ್ನು ಸಂಸ್ಥೆಗೆ ನೀಡಿ, ಕಡಿತದ ಪ್ರಮಾಣ ಪತ್ರ ಪಡೆಯುವುದು. ವರ್ಷದ ಒಟ್ಟು ಆದಾಯಕ್ಕೆ ತೆರಿಗೆ ಬಾರದಿದ್ದಲ್ಲಿ ರಿಟರ್ನ್ ಸಲ್ಲಿಸಿ ಮರುಪಾವತಿ ಪಡೆಯಬಹುದು.

ಪ್ರಶ್ನೆ: ಸಂಸ್ಥೆಯು ಅರ್ಧದಲ್ಲಿಯೇ ಇಂಟರ್ನ್‌ಷಿಪ್ ನಿಲ್ಲಿಸಿದೆ. ಏನು ಮಾಡಬೇಕು?
ಉತ್ತರ: ಅಂದೇ ಕಾಲೇಜಿಗೆ ಲಿಖಿತವಾಗಿ ತಿಳಿಸಿ, ಅಲ್ಲಿಯವರೆಗಿನ ಅವಧಿಗೆ ಹಾಜರಾತಿ ಪತ್ರ ಪಡೆಯುವುದು. ಊರಿಗೆ ಮರಳಿ ಸುಮ್ಮನಿದ್ದು ಸೆಮಿಸ್ಟರ್ ಕೊನೆಯಲ್ಲಿ ತಿಳಿಸಿದರೆ ಕಾಲೇಜಿಗೂ ಸಹಾಯ ಮಾಡಲು ಕಾಲಾವಕಾಶ ಉಳಿಯುವುದಿಲ್ಲ.

12. ಉಪಯುಕ್ತ ದೂರವಾಣಿ ಸಂಖ್ಯೆಗಳು

- ತುರ್ತು ಸೇವೆ, ಪೊಲೀಸ್: 112
- ಆಂಬ್ಯುಲೆನ್ಸ್: 108
- ಮಹಿಳಾ ಸಹಾಯವಾಣಿ: 181
- ಸೈಬರ್ ಆರ್ಥಿಕ ವಂಚನೆ: 1930
- ಟೆಲಿ ಮಾನಸ್: 14416

ವಿಶೇಷ ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಆಯಾ ವಿಶ್ವವಿದ್ಯಾಲಯದ ನಿಯಮಗಳು ಮತ್ತು ಸರ್ಕಾರದ ಆದೇಶಗಳೇ ಅಂತಿಮವಾಗಿರುತ್ತವೆ. ವಿದ್ಯಾರ್ಥಿಗಳು ಈ ಪುಟವನ್ನು ಮುದ್ರಿಸಿಕೊಂಡು, ಮೇಲ್ಕಂಡ ಮೂರು ಪತ್ರಗಳ ನಕಲಿನೊಂದಿಗೆ ಒಂದು ಪ್ರತಿಯನ್ನು ಮನೆಯಲ್ಲಿ, ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕಾಗಿ ಕೋರಲಾಗಿದೆ.